ಮಳೆಗಾಲದಲ್ಲೂ ಹಾಡು ಸರಿಯಾಗಿ ಕೇಳಬೇಕಾ? ಮೊಬೈಲ್ ಸೌಂಡನ್ನು ಹೀಗೆ ಹೊಂದಿಸಿಕೊಳ್ಳಿ

ಜೂನ್ ಶುರುವಾದರೆ ಕೊಡಗಿನಲ್ಲಿ ಹಾಡು ಕೇಳುವುದೇ ಕಷ್ಟ. ಶೀಟಿನ ಮೇಲೆ ಮಳೆ ಹೊಡೆಯುವಾಗ ಹಾಡಿನ ಒಂದು ಸಾಲೂ ಸರಿಯಾಗಿ ಕೇಳಿಸುವುದಿಲ್ಲ. ಎಲ್ಲೋ ಮರ ಬಿದ್ದು ಕರೆಂಟ್ ಹೋದರೆ ಸ್ವಲ್ಪ ಹೊತ್ತಿಗೆ ಟವರೂ ಹೋಗುತ್ತದೆ, ಆನ್‌ಲೈನ್ ಹಾಡು ಅರ್ಧದಲ್ಲೇ ನಿಲ್ಲುತ್ತದೆ. ಆಗೆಲ್ಲ ನಮ್ಮ ಕೈ ಮೊದಲು ಹೋಗುವುದು ವಾಲ್ಯೂಮ್ ಬಟನ್ನಿಗೆ. ಪೂರ್ತಿ ಏರಿಸಿದರೂ ಮಾತು ಸ್ಪಷ್ಟವಾಗುವುದಿಲ್ಲ, ಸ್ಪೀಕರ್ ಕಿರುಚುತ್ತದೆ ಅಷ್ಟೇ. ನನ್ನ ಪ್ರಕಾರ ವಾಲ್ಯೂಮ್ ಏರಿಸುವುದು ಎಲ್ಲಕ್ಕಿಂತ ಕೊನೆಗೆ ಮಾಡಬೇಕಾದ ಕೆಲಸ. ಅದಕ್ಕೆ ಮೊದಲು ಫೋನಿನೊಳಗೆ ಸರಿಮಾಡಿಕೊಳ್ಳಬಹುದಾದ್ದು ಬೇಕಾದಷ್ಟಿದೆ, ಹೆಚ್ಚಿನದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ.

ಒಂದು ಮಾತು ಮೊದಲೇ ಹೇಳುತ್ತೇನೆ. ಇಲ್ಲಿ ಬರೆದ ಮೆನು ಹೆಸರುಗಳು ಫೋನಿನಿಂದ ಫೋನಿಗೆ ಸ್ವಲ್ಪ ಬದಲಾಗುತ್ತವೆ. ಸಿಗದಿದ್ದರೆ ಸೆಟ್ಟಿಂಗ್ಸ್ ತೆರೆದು ಹುಡುಕುವ ಜಾಗದಲ್ಲಿ ಆ ಹೆಸರನ್ನೇ ಟೈಪ್ ಮಾಡಿ, ಎಲ್ಲಿದ್ದರೂ ತೋರಿಸುತ್ತದೆ.

ಹಾಡು ಫೋನಿನೊಳಗೇ ಇರಲಿ

ಸೌಂಡ್ ಸರಿಮಾಡುವ ಮೊದಲು ಹಾಡು ಕೈಯಲ್ಲಿರಬೇಕಲ್ವಾ? ನೆಟ್‌ವರ್ಕ್ ನಂಬಿಕೊಂಡು ಮಳೆಗಾಲ ಕಳೆಯಲು ಆಗುವುದಿಲ್ಲ. ಭಾಗಮಂಡಲದ ಕಡೆಯವರಿಗೆ, ತೋಟದ ಒಳಗಿನ ಮನೆಗಳಲ್ಲಿ ಇರುವವರಿಗೆ ಇದನ್ನು ನಾನು ಹೇಳಬೇಕಾಗಿಲ್ಲ. ಸ್ಪಾಟಿಫೈ, ಯೂಟ್ಯೂಬ್ ಮ್ಯೂಸಿಕ್ ಥರದ ಆ್ಯಪ್‌ಗೆ ನೀವು ದುಡ್ಡು ಕಟ್ಟುತ್ತಿದ್ದರೆ ಹಾಡುಗಳನ್ನು ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಆದರೆ 30 ದಿನಕ್ಕೆ ಒಮ್ಮೆಯಾದರೂ ಫೋನ್ ಇಂಟರ್‌ನೆಟ್ಟಿಗೆ ಸೇರಬೇಕು, ಇಲ್ಲದಿದ್ದರೆ ಇಳಿಸಿಟ್ಟ ಹಾಡೂ ತೆರೆಯುವುದಿಲ್ಲ. ಸಂತೆಗೋ ಬ್ಯಾಂಕಿಗೋ ಅಂತ ಮಡಿಕೇರಿಗೆ, ಕುಶಾಲನಗರಕ್ಕೆ ಹೋದಾಗ ಒಮ್ಮೆ ಆ್ಯಪ್ ತೆರೆದುಬಿಟ್ಟರೆ ಸಾಕು.

ಡೌನ್‌ಲೋಡ್ ಮಾಡುವ ಮೊದಲು ಕ್ವಾಲಿಟಿ ಎಷ್ಟಿರಬೇಕು ಅಂತ ಆ್ಯಪಿನ ಸೆಟ್ಟಿಂಗ್ಸಿನಲ್ಲಿ ಆರಿಸಿಕೊಳ್ಳಿ. ಲೆಕ್ಕ ಸುಲಭ. 320 ಕೆಬಿಪಿಎಸ್ (ಒಂದು ಸೆಕೆಂಡಿನ ಹಾಡಿಗೆ ಎಷ್ಟು ಡೇಟಾ ಅನ್ನುವ ಅಳತೆ) ಇಟ್ಟರೆ ಒಂದು ನಿಮಿಷಕ್ಕೆ 2.4 ಎಂಬಿ, ನಾಲ್ಕು ನಿಮಿಷದ ಹಾಡಿಗೆ ಹತ್ತಿರ ಹತ್ತಿರ 10 ಎಂಬಿ. ಅದೇ 160 ಇಟ್ಟರೆ ಅರ್ಧ ಜಾಗ ಸಾಕು, ಅಂದರೆ ಒಂದು ಜಿಬಿಯಲ್ಲಿ ಸುಮಾರು 200 ಹಾಡು ಹಿಡಿಸುತ್ತವೆ. ಫೋನಿನ ಸ್ಪೀಕರಿನಲ್ಲೋ ಚಿಕ್ಕ ಬ್ಲೂಟೂತ್ ಸ್ಪೀಕರಿನಲ್ಲೋ ಕೇಳುವವರಿಗೆ ಈ ಎರಡರ ನಡುವೆ ವ್ಯತ್ಯಾಸ ಗೊತ್ತಾಗುವುದು ಕಷ್ಟ. ಮಳೆ ಸದ್ದಿನ ನಡುವೆಯಂತೂ ಗೊತ್ತೇ ಆಗುವುದಿಲ್ಲ. ಒಳ್ಳೆಯ ಹೆಡ್‌ಫೋನ್ ಇದ್ದು, ಜಾಗವೂ ಇದ್ದರೆ ಮಾತ್ರ 320 ಇಡಿ. ನೆಟ್‌ನಲ್ಲೇ ನೇರವಾಗಿ ಕೇಳುವವರು ಇನ್ನೊಂದನ್ನೂ ನೆನಪಿಟ್ಟುಕೊಳ್ಳಿ: 320ರಲ್ಲಿ ಒಂದು ಗಂಟೆ ಕೇಳಿದರೆ ಸುಮಾರು 144 ಎಂಬಿ ಖಾಲಿ, 96ರಲ್ಲಿ ಕೇಳಿದರೆ 43 ಎಂಬಿ.

ಪೆನ್‌ಡ್ರೈವಿನಲ್ಲಿ, ಹಳೆಯ ಮೆಮೊರಿ ಕಾರ್ಡಿನಲ್ಲಿ, ಕಂಪ್ಯೂಟರಿನಲ್ಲಿ ಇರುವ ಎಂಪಿ3 ಹಾಡುಗಳನ್ನು ಫೋನಿನ ಮ್ಯೂಸಿಕ್ ಫೋಲ್ಡರಿಗೆ ಕಾಪಿ ಮಾಡಿಕೊಳ್ಳಿ. ಪೆನ್‌ಡ್ರೈವನ್ನು ಫೋನಿಗೆ ಸಿಕ್ಕಿಸಲು ಒಂದು ಚಿಕ್ಕ ಒಟಿಜಿ ಪಿನ್ ಬೇಕು, ಮೊಬೈಲ್ ಅಂಗಡಿಯಲ್ಲಿ ಸಿಗುತ್ತದೆ. ಈ ಹಾಡುಗಳಿಗೆ ನೆಟ್ಟೂ ಬೇಡ, ತಿಂಗಳ ದುಡ್ಡೂ ಬೇಡ. ಆಂಡ್ರಾಯ್ಡ್ ಫೋನಿನಲ್ಲಿ ಇವನ್ನು ಕೇಳಲು ನಾನು ಹೇಳುವುದು ವಿಎಲ್‌ಸಿ ಇಲ್ಲವೇ ಮ್ಯೂಸಿಕೋಲೆಟ್. ವಿಎಲ್‌ಸಿ ಪೂರ್ತಿ ಉಚಿತ, ಜಾಹೀರಾತಿಲ್ಲ, ಆಡಿಯೋ ವಿಡಿಯೋ ಯಾವುದು ಕೊಟ್ಟರೂ ತೆರೆಯುತ್ತದೆ. ಮ್ಯೂಸಿಕೋಲೆಟ್ ಇಂಟರ್‌ನೆಟ್ಟನ್ನೇ ಮುಟ್ಟುವುದಿಲ್ಲ, ಫೋಲ್ಡರ್ ಪ್ರಕಾರ ಹಾಡು ತೋರಿಸುತ್ತದೆ. ಹಾಡಿನ ಪಟ್ಟಿಯ ನಡುವೆ ವಾಟ್ಸ್‌ಆ್ಯಪ್ ವಾಯ್ಸ್ ಮೆಸೇಜುಗಳು ನುಗ್ಗಿ, ಭಕ್ತಿಗೀತೆ ಮುಗಿದ ಕೂಡಲೇ ಯಾರದ್ದೋ ಗೊಬ್ಬರದ ರೇಟಿನ ಮಾತು ಶುರುವಾಗುತ್ತಿದ್ದರೆ ಪ್ಲೇಯರಿನ ಸೆಟ್ಟಿಂಗ್ಸಿನಲ್ಲಿ ಆ ಫೋಲ್ಡರಿನ ಟಿಕ್ ತೆಗೆಯಿರಿ.

ಸ್ಕ್ರೀನ್ ಆಫ್ ಆದ ಕೂಡಲೇ ಹಾಡು ನಿಂತರೆ

ಇದು ತುಂಬ ಜನ ಕೇಳುವ ಪ್ರಶ್ನೆ. ಆ್ಯಪ್ ಕೆಟ್ಟಿರುವುದಿಲ್ಲ. ಹೆಚ್ಚಿನ ಸಲ ಬ್ಯಾಟರಿ ಉಳಿಸಲು ಫೋನೇ ಅದನ್ನು ನಿಲ್ಲಿಸಿರುತ್ತದೆ. ಸೆಟ್ಟಿಂಗ್ಸಿನಲ್ಲಿ ಆ್ಯಪ್ಸ್ ತೆರೆಯಿರಿ, ನಿಮ್ಮ ಪ್ಲೇಯರನ್ನು ಆರಿಸಿ, ಬ್ಯಾಟರಿ ಒತ್ತಿ, ಅನ್‌ರಿಸ್ಟ್ರಿಕ್ಟೆಡ್ ಅಂತ ಇಡಿ. ಕೆಲವು ಫೋನುಗಳಲ್ಲಿ ಆಟೋಸ್ಟಾರ್ಟ್ ಅಂತ ಇನ್ನೊಂದು ಬಟನ್ ಇರುತ್ತದೆ, ಅದನ್ನೂ ಆನ್ ಮಾಡಿ. ಕರೆಂಟ್ ಇಲ್ಲದ ದಿನ ಪವರ್ ಸೇವಿಂಗ್ ಹಾಕಿಕೊಂಡವರಿಗೆ ಈ ತೊಂದರೆ ಜಾಸ್ತಿ.

ಈಕ್ವಲೈಸರ್: ಏರಿಸುವ ಮೊದಲು ಇಳಿಸಿ

ಈ ಲೇಖನದ ಮುಖ್ಯ ಭಾಗ ಇದೇ, ಹಾಗಾಗಿ ಸ್ವಲ್ಪ ನಿಧಾನವಾಗಿ ಓದಿ.

ಮನುಷ್ಯರ ಕಿವಿಗೆ ಸುಮಾರು 20 ಹರ್ಟ್ಜ್‌ನಿಂದ 20,000 ಹರ್ಟ್ಜ್‌ವರೆಗಿನ ಸದ್ದು ಕೇಳಿಸುತ್ತದೆ. ಹರ್ಟ್ಜ್ ಅಂದರೆ ಸದ್ದು ಒಂದು ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತದೆ ಅನ್ನುವ ಅಳತೆ, ಅಂಕಿ ಕಮ್ಮಿಯಿದ್ದರೆ ದಪ್ಪ ಸದ್ದು, ಜಾಸ್ತಿಯಿದ್ದರೆ ತೆಳು ಸದ್ದು. ಈಕ್ವಲೈಸರ್ ಇದನ್ನು ಐದೋ ಆರೋ ಹತ್ತೋ ಭಾಗ ಮಾಡಿ, ಪ್ರತಿಯೊಂದಕ್ಕೂ ಬೇರೆ ಬೇರೆ ವಾಲ್ಯೂಮ್ ಕೊಡುತ್ತದೆ. ಆಂಡ್ರಾಯ್ಡ್ ಫೋನುಗಳಲ್ಲಿ ಸಾಮಾನ್ಯವಾಗಿ ಕಾಣಿಸುವ ಐದು ಗೀಟುಗಳೆಂದರೆ (ಮೇಲೆ ಕೆಳಗೆ ಎಳೆಯುವ ಸ್ಲೈಡರ್‌ಗಳು; ನಿಮ್ಮಲ್ಲಿ ಬೇರೆ ಅಂಕಿ ಇದ್ದರೆ ಹತ್ತಿರದ್ದನ್ನು ತೆಗೆದುಕೊಳ್ಳಿ) 60, 230, 910, 3600 ಮತ್ತು 14,000 ಹರ್ಟ್ಜ್. ಒಂದೊಂದರಲ್ಲೂ ಏನಿದೆ ಅಂತ ಗೊತ್ತಿದ್ದರೆ ಕಣ್ಣು ಮುಚ್ಚಿ ಎಳೆದಾಡಬೇಕಾಗಿಲ್ಲ. 60ರಲ್ಲಿ ಇರುವುದು ದೊಡ್ಡ ಡೋಲಿನ, ಬಾಸ್ ಗಿಟಾರಿನ ಗುಮ್ಮೆನ್ನುವ ಸದ್ದು. 230ರ ಸುತ್ತ ಗಂಡಸರ ದನಿಯ ತೂಕ ಇದೆ, ಇದು ಜಾಸ್ತಿಯಾದರೆ ಹಾಡೆಲ್ಲ ಮಂಕಾಗುತ್ತದೆ. 910ರಲ್ಲಿ ದನಿಯ ಮೈಯಿದೆ, ಜಾಸ್ತಿಯಾದರೆ ಮೂಗಿನಲ್ಲಿ ಹಾಡಿದಂತೆ ಕೇಳಿಸುತ್ತದೆ. 3600 ಎಲ್ಲಕ್ಕಿಂತ ಮುಖ್ಯ. ಸ, ಶ, ಟ, ಚ ಥರದ ಅಕ್ಷರಗಳು ಬಿಡಿಬಿಡಿಯಾಗಿ ಕೇಳಿಸುವುದು ಇದರ ಆಸುಪಾಸಿನ ಸದ್ದಿನಿಂದ, ನಮ್ಮ ಕಿವಿ ತುಂಬ ಚುರುಕಾಗಿರುವುದೂ ಈ ಭಾಗಕ್ಕೇ. 14,000ದಲ್ಲಿ ತಾಳ, ಗೆಜ್ಜೆಯ ಮಿಂಚು ಇರುತ್ತದೆ.

ಈಗ ಕೆಲಸ ಶುರು ಮಾಡೋಣ.

1. ಮೊದಲು ಈಕ್ವಲೈಸರ್ ಎಲ್ಲಿದೆ ನೋಡಿ. ಸ್ಯಾಮ್‌ಸಂಗ್ ಫೋನಾದರೆ ಸೆಟ್ಟಿಂಗ್ಸಿನಲ್ಲಿ ಸೌಂಡ್ಸ್ ಆ್ಯಂಡ್ ವೈಬ್ರೇಶನ್ ಒಳಗೆ ಸೌಂಡ್ ಕ್ವಾಲಿಟಿ ಆ್ಯಂಡ್ ಇಫೆಕ್ಟ್ಸ್ ಅಂತ ಇದೆ. ಬೇರೆ ಫೋನುಗಳಲ್ಲಿ ಸೌಂಡ್ ಇಫೆಕ್ಟ್ಸ್ ಅಂತ ಹುಡುಕಿ. ವಿಎಲ್‌ಸಿಯಲ್ಲಿ ಹಾಡು ಓಡುವಾಗ ಮೂರು ಚುಕ್ಕೆ ಒತ್ತಿದರೆ ಸಿಗುತ್ತದೆ. ಸ್ಪಾಟಿಫೈ ಒಳಗೆ ಅದರದ್ದೇ ಬೇರೆ ಇದೆ.

2. ಒಂದನ್ನು ಮಾತ್ರ ಇಟ್ಟುಕೊಳ್ಳಿ, ಉಳಿದದ್ದೆಲ್ಲ ಆಫ್. ಫೋನಿನದ್ದೊಂದು, ಆ್ಯಪಿನದ್ದೊಂದು, ಸ್ಪೀಕರಿನ ಕಂಪನಿ ಕೊಟ್ಟ ಆ್ಯಪಿನದ್ದು ಇನ್ನೊಂದು, ಅದರ ಮೇಲೆ ಡಾಲ್ಬಿ ಮತ್ತು ಬಾಸ್ ಬೂಸ್ಟ್, ಹೀಗೆ ಎಲ್ಲ ಒಟ್ಟಿಗೆ ಆನ್ ಇದ್ದರೆ ಯಾವುದು ಏನು ಮಾಡುತ್ತಿದೆ ಅಂತ ಯಾರಿಗೂ ಗೊತ್ತಾಗುವುದಿಲ್ಲ. ಇಟ್ಟುಕೊಂಡದ್ದನ್ನು ಫ್ಲ್ಯಾಟ್ ಅಥವಾ ನಾರ್ಮಲ್ ಮಾಡಿ.

3. ನಿಮಗೆ ಬಾಯಿಪಾಠ ಇರುವ ಒಂದು ಹಾಡು ಹಾಕಿ. ದನಿಯೂ ಇರಬೇಕು, ಚರ್ಮವಾದ್ಯವೂ ಇರಬೇಕು.

4. ಕೇಳಿಸದ ಭಾಗವನ್ನು ಏರಿಸುವ ಬದಲು ಅಡ್ಡ ಬರುವ ಭಾಗವನ್ನು ಇಳಿಸಿ. ಫೋನಿನ ಸ್ಪೀಕರಿನಲ್ಲಿ ಕೇಳುತ್ತಿದ್ದರೆ 60ನ್ನು ಪೂರ್ತಿ ಕೆಳಗೆ ಎಳೆದುಬಿಡಿ. ಅಷ್ಟು ಚಿಕ್ಕ ಸ್ಪೀಕರಿಗೆ ಆ ಸದ್ದು ಹೊರಡಿಸುವ ಶಕ್ತಿಯೇ ಇಲ್ಲ, ಸುಮ್ನೆ ಒದ್ದಾಡಿ ಉಳಿದ ಸದ್ದನ್ನೂ ಒಡೆಯುತ್ತದೆ. 230ನ್ನು ಎರಡು ಮೂರು ಡೆಸಿಬೆಲ್ (ಸದ್ದು ಎಷ್ಟು ಜೋರು ಅನ್ನುವ ಅಳತೆ) ಇಳಿಸಿ. ಇಷ್ಟಕ್ಕೇ ಎಷ್ಟೋ ಫೋನುಗಳಲ್ಲಿ ಹಾಡು ತಿಳಿಯಾಗುತ್ತದೆ.

5. ಇನ್ನೂ ಬೇಕೆನಿಸಿದರೆ 3600ನ್ನು ಎರಡು ಮೂರು ಡೆಸಿಬೆಲ್ ಏರಿಸಿ. ಅದಕ್ಕಿಂತ ಜಾಸ್ತಿ ಬೇಡ, ಕಿವಿ ಬೇಗ ದಣಿಯುತ್ತದೆ. ಏರಿಸಿದಷ್ಟೇ ಪ್ರೀಆ್ಯಂಪ್ (ಎಲ್ಲ ಭಾಗವನ್ನೂ ಒಟ್ಟಿಗೆ ಏರಿಸಿ ಇಳಿಸುವ ಗೀಟು) ಇಳಿಸಿ. ವಿಎಲ್‌ಸಿಯಲ್ಲಿ ಈ ಪ್ರೀಆ್ಯಂಪ್ ಗೀಟು ಬೇರೆಯಾಗಿಯೇ ಇದೆ.

ಯಾಕೆ ಇಷ್ಟು ಜಿಪುಣತನ ಅಂತ ಕೇಳಬಹುದು. 3 ಡೆಸಿಬೆಲ್ ಏರಿಸಿದರೆ ಸ್ಪೀಕರಿಗೆ ಎರಡರಷ್ಟು ಪವರ್ ಬೇಕು, 6 ಏರಿಸಿದರೆ ನಾಲ್ಕರಷ್ಟು. ಈಗಿನ ಹಾಡುಗಳನ್ನು ಮೊದಲೇ ತುದಿಮಟ್ಟಕ್ಕೆ ಜೋರು ಮಾಡಿ ಬಿಟ್ಟಿರುತ್ತಾರೆ, ಅದರ ಮೇಲೆ ನಾವೂ ಏರಿಸಿದರೆ ಸದ್ದಿನ ತುದಿ ಕತ್ತರಿಸಿಹೋಗುತ್ತದೆ. ಕರಕರ ಅಂತ ಕೇಳಿಸುವುದು ಅದೇ.

ಸರಿಮಾಡಿದ ಮೇಲೆ ಈಕ್ವಲೈಸರನ್ನು ಆನ್, ಆಫ್ ಮಾಡಿ ಹೋಲಿಸಿ ನೋಡಿ. ಆದರೆ ಎರಡೂ ಸಲ ಸದ್ದು ಒಂದೇ ಮಟ್ಟದಲ್ಲಿ ಇರಲಿ. ಜೋರಾಗಿರುವುದೇ ಚೆನ್ನಾಗಿದೆ ಅಂತ ಕಿವಿ ಯಾವಾಗಲೂ ಮೋಸ ಹೋಗುತ್ತದೆ. ಇಷ್ಟವಾದರೆ ಹೆಸರಿಟ್ಟು ಸೇವ್ ಮಾಡಿ. "ಮಳೆ", "ಕಾರು", "ಹೆಡ್‌ಫೋನ್" ಅಂತ ಮೂರು ಇಟ್ಟುಕೊಂಡರೆ ಪ್ರತಿ ಸಲ ಎಳೆದಾಡುವ ಕೆಲಸ ಇರುವುದಿಲ್ಲ.

ಐಫೋನಿನಲ್ಲಿ ಆ್ಯಪಲ್ ಮ್ಯೂಸಿಕ್‌ಗೆ ಈ ಥರ ಗೀಟು ಎಳೆಯಲು ಆಗುವುದಿಲ್ಲ, ರೆಡಿ ಇರುವ ಹೆಸರುಗಳಲ್ಲಿ ಒಂದನ್ನು ಆರಿಸಬೇಕು. ಸೆಟ್ಟಿಂಗ್ಸಿನಲ್ಲಿ ಮ್ಯೂಸಿಕ್ ಒಳಗೆ ಇಕ್ಯೂ ಅಂತ ಇದೆ, ಹೊಸ ಐಓಎಸ್‌ನಲ್ಲಿ ಇದು ಆ್ಯಪ್ಸ್ ಒಳಗೆ ಹೋಗಿದೆ. ಮಳೆಗಾಲಕ್ಕೆ ವೋಕಲ್ ಬೂಸ್ಟರ್ ಅಥವಾ ಬಾಸ್ ರಿಡ್ಯೂಸರ್ ಹಾಕಿ ನೋಡಿ.

ಮಳೆ ಹೊಡೆಯುವಾಗ

ಶೀಟಿನ ಮೇಲಿನ ಮಳೆಯಲ್ಲಿ ಎಲ್ಲ ಬಗೆಯ ಸದ್ದೂ ಇದೆ. ಹಾಡಿನ ಮಾತಿಗೆ ಬೇಕಾದ ಭಾಗವನ್ನು ಅದೂ ತುಂಬಿಕೊಂಡಿರುತ್ತದೆ. ಬಾಸ್ ಏರಿಸಿ ಅದನ್ನು ಗೆಲ್ಲಲು ಆಗುವುದಿಲ್ಲ, ಮೇಲೆ ಹೇಳಿದ "ಮಳೆ" ಸೆಟ್ಟಿಂಗ್ ಕೆಲಸಕ್ಕೆ ಬರುವುದು ಇಲ್ಲೇ. ಅದರ ಜೊತೆ ಸ್ಪೀಕರಿನ ಜಾಗವನ್ನೂ ಬದಲಾಯಿಸಿ. ಶೆಲ್ಫಿನ ಮೇಲೆ, ಸೂರಿನ ಹತ್ತಿರ ಇಟ್ಟರೆ ಅದು ಮಳೆಗೆ ಹತ್ತಿರ, ನಿಮಗೆ ದೂರ. ಕೆಳಗಿಳಿಸಿ ನಿಮ್ಮ ಪಕ್ಕಕ್ಕೇ ತನ್ನಿ. ತೆರೆದ ಜಾಗದಲ್ಲಿ ಸ್ಪೀಕರಿನ ದೂರವನ್ನು ಎರಡು ಮೀಟರಿನಿಂದ ಒಂದಕ್ಕೆ ಇಳಿಸಿದರೆ ಸುಮಾರು 6 ಡೆಸಿಬೆಲ್ ಜಾಸ್ತಿ ಕೇಳಿಸುತ್ತದೆ. ಕೋಣೆಯೊಳಗೆ ಇಷ್ಟು ಸಿಗದಿದ್ದರೂ ಬದಲಾವಣೆ ಚೆನ್ನಾಗಿಯೇ ಗೊತ್ತಾಗುತ್ತದೆ. ಬ್ಯಾಟರಿ ಸುಡದೆ, ಸದ್ದು ಒಡೆಯದೆ ಸಿಗುವ ಲಾಭ ಇದು.

ಗೋಡೆಯ ಮೂಲೆಯಲ್ಲಿ ಇಟ್ಟರೆ ಬಾಸ್ ತಾನಾಗಿ ಉಬ್ಬುತ್ತದೆ. ಚಿಕ್ಕ ಸ್ಪೀಕರಿಗೆ ಬೇಸಿಗೆಯಲ್ಲಿ ಅದು ಚೆಂದ, ಮಳೆಯಲ್ಲಿ ಮಾತಿಗೆ ಅಡ್ಡ.

ಒಂದು ಹಾಡು ಪಿಸುಗುಟ್ಟಿ ಮುಂದಿನದ್ದು ಕಿರುಚುತ್ತಿದ್ದರೆ ವಾಲ್ಯೂಮ್ ನಾರ್ಮಲೈಸೇಶನ್ ಆನ್ ಮಾಡಿ. ಸ್ಪಾಟಿಫೈನಲ್ಲಿ ಇದಕ್ಕೆ ಲೌಡ್, ನಾರ್ಮಲ್, ಕ್ವೈಟ್ ಅಂತ ಮೂರು ಮಟ್ಟ ಇದೆ, ಮನೆಯಲ್ಲಿ ನಾರ್ಮಲ್ ಸಾಕು. ಫೋನಿನಲ್ಲಿರುವ ಎಂಪಿ3ಗಳಿಗೆ ಪವರ್‌ಆ್ಯಂಪ್‌ನಂಥ ಪ್ಲೇಯರಿನಲ್ಲಿ ರಿಪ್ಲೇಗೇನ್ ಅಂತ ಇದೆ, ಆದರೆ ಆ ಮಾಹಿತಿ ಹಾಡಿನ ಫೈಲಿನೊಳಗೆ ಮೊದಲೇ ಇರಬೇಕು.

ವಾಲಗ, ದುಡಿ ಮತ್ತು ಮನೆಯ ರೆಕಾರ್ಡಿಂಗ್

ನಮ್ಮ ಫೋನುಗಳಲ್ಲಿ ಸಿನಿಮಾ ಹಾಡಿಗಿಂತ ಜಾಸ್ತಿ ಇರುವುದು ಮದುವೆಯ ವಾಲಗ, ಹಬ್ಬದ ಕೊಂಬು ಕೊಟ್ಟು, ಮನೆಯ ಹಿರಿಯರು ದುಡಿ ಹಿಡಿದು ಹಾಡಿದ್ದರ ರೆಕಾರ್ಡಿಂಗ್. ಇವನ್ನು ಯಾವ ಆ್ಯಪೂ ಕೊಡುವುದಿಲ್ಲ. ಇವುಗಳ ಬಗ್ಗೆ ನನಗೆ ವಿಶೇಷ ಕಾಳಜಿ, ಯಾಕೆಂದರೆ ಹಾಡಿದವರಲ್ಲಿ ಎಷ್ಟೋ ಜನ ಈಗ ಇಲ್ಲ.

ರೆಕಾರ್ಡ್ ಮಾಡುವಾಗಲೇ ಒಂದು ಎಚ್ಚರ ಬೇಕು. ವಾಲಗದವರ ಎದುರಿಗೇ ಹೋಗಿ ಫೋನ್ ಹಿಡಿದರೆ ಮೈಕಿಗೆ ತಾಳಲು ಆಗುವುದಿಲ್ಲ, ಸದ್ದು ಒಡೆದೇ ದಾಖಲಾಗುತ್ತದೆ. ಹಾಗೆ ಒಡೆದದ್ದನ್ನು ಆಮೇಲೆ ಯಾವ ಈಕ್ವಲೈಸರೂ ಸರಿಮಾಡುವುದಿಲ್ಲ. ನಾಲ್ಕೈದು ಹೆಜ್ಜೆ ಹಿಂದೆ ನಿಲ್ಲಿ, ಫೋನಿನ ಕೆಳಗಿನ ಮೈಕ್ ತೂತನ್ನು ಬೆರಳಿನಿಂದ ಮುಚ್ಚಬೇಡಿ. ಹತ್ತು ಸೆಕೆಂಡ್ ರೆಕಾರ್ಡ್ ಮಾಡಿ ಕೇಳಿ ನೋಡಿ, ಸರಿಯಿದ್ದರೆ ಮುಂದುವರಿಸಿ.

ಕೇಳುವಾಗ ವಾಲಗದ ಊದುವ ವಾದ್ಯ ಕಿವಿಗೆ ಚುಚ್ಚುತ್ತಿದ್ದರೆ 3600ನ್ನು ಮೂರು ನಾಲ್ಕು ಡೆಸಿಬೆಲ್ ಇಳಿಸಿ. ಹೆಡ್‌ಫೋನಿನಲ್ಲಾದರೆ 230ನ್ನು ಒಂದೆರಡು ಏರಿಸಿದರೆ ಡೋಲು ಮತ್ತೆ ಮುಂದೆ ಬರುತ್ತದೆ. ಸಿನಿಮಾ ಹಾಡಿಗೆ ಮಾಡಿದ ಸೆಟ್ಟಿಂಗಿಗೆ ಇದು ಪೂರ್ತಿ ಉಲ್ಟಾ, ಅದಕ್ಕೇ ವಾಲಗಕ್ಕೆ ಬೇರೆ ಹೆಸರಿನಲ್ಲಿ ಸೇವ್ ಮಾಡಿಕೊಳ್ಳಿ. ಹಾಡುಗಳ ನಡುವೆ ಒಂದರ ಬಾಲ ಇನ್ನೊಂದರ ತಲೆಗೆ ಬೆರೆಯುವ ಕ್ರಾಸ್‌ಫೇಡ್ ಆನ್ ಇದ್ದರೆ ಇಂಥ ರೆಕಾರ್ಡಿಂಗಿಗೆ ಅದನ್ನು ಸೊನ್ನೆ ಮಾಡಿ. ದುಡಿ ಹಾಡಿನ ಕೊನೆಯ ಸಾಲು ಮುಗಿಯುವ ಮೊದಲೇ ಬೇರೆ ಹಾಡು ನುಗ್ಗುವುದನ್ನು ಸಹಿಸಲಾಗುವುದಿಲ್ಲ.

ಪುತ್ತರಿ ಹತ್ತಿರ ಬಂದಾಗ ಕೋಲಾಟ, ಉಮ್ಮತ್ತಾಟ್ ಕಲಿಯುವ ಮಕ್ಕಳಿಗೆ ಇನ್ನೊಂದು ಉಪಾಯ. ವಿಎಲ್‌ಸಿಯಲ್ಲಿ ಪ್ಲೇಬ್ಯಾಕ್ ಸ್ಪೀಡನ್ನು 0.75ಕ್ಕೆ ಇಳಿಸಿದರೆ ದನಿ ಕೆಡದೆ ಹಾಡು ಮಾತ್ರ ನಿಧಾನವಾಗುತ್ತದೆ. ಎ-ಬಿ ರಿಪೀಟ್ ಒತ್ತಿ, ಕಷ್ಟದ ಹೆಜ್ಜೆ ಎಲ್ಲಿ ಶುರು, ಎಲ್ಲಿ ಮುಗಿಯುತ್ತದೆ ಅಂತ ಗುರುತು ಹಾಕಿ ಕೊಟ್ಟರೆ ಅಷ್ಟೇ ಭಾಗ ಮತ್ತೆ ಮತ್ತೆ ಬರುತ್ತದೆ. ಕೈಗೆ ಬಂದ ಮೇಲೆ 0.9, ಆಮೇಲೆ 1.

ಇಂಥ ರೆಕಾರ್ಡಿಂಗನ್ನು ವಾಟ್ಸ್‌ಆ್ಯಪಿನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಅಂತ ಆರಿಸಿ ಕಳಿಸಿ. ವಿಡಿಯೋ ಆಗಿ ಕಳಿಸಿದರೆ ಅದು ಕುಗ್ಗಿಸಿ ಕಳಿಸುತ್ತದೆ, ಕೈ ಬದಲಾದಷ್ಟೂ ಸದ್ದು ಕೆಡುತ್ತಾ ಹೋಗುತ್ತದೆ.

ತೋಟದಲ್ಲಿ ಒಂದೇ ಕಿವಿ

ಕಾಫಿ ಕುಯ್ಯುವಾಗ, ಮೆಣಸು ಕುಯ್ಯುವಾಗ ಹಾಡು ಜೊತೆಗಿದ್ದರೆ ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ. ಆದರೆ ದಯವಿಟ್ಟು ಎರಡೂ ಕಿವಿಗೆ ಇಯರ್‌ಬಡ್ ಹಾಕಬೇಡಿ. ಕಾಡಾನೆ ಇರುವ ಊರು ನಮ್ಮದು. ಕೊಂಬೆ ಮುರಿದ ಸದ್ದು, ಪಕ್ಕದ ಬ್ಲಾಕಿನಿಂದ ಯಾರೋ ಕೂಗಿದ ಸದ್ದು ನಿಮಗೆ ಕೇಳಿಸಲೇಬೇಕು. ಬೆಳಗಿನ ಜಾವ, ಸಂಜೆ ಕತ್ತಲಾಗುವ ಹೊತ್ತು ತೋಟದ ದಾರಿಯಲ್ಲಿ ನಡೆಯುವಾಗ ಕಿವಿಗೆ ಏನೂ ಬೇಡ. ಹೊರಗಿನ ಸದ್ದು ಕೇಳಿಸುವ ಟ್ರಾನ್ಸ್‌ಪರೆನ್ಸಿ ಮೋಡ್ ಇದೆ ಅಂತ ಧೈರ್ಯ ಮಾಡಬೇಡಿ, ಹಾಡು ಜೋರಿದ್ದರೆ ಅದೂ ಮುಳುಗಿಹೋಗುತ್ತದೆ.

ಒಂದೇ ಕಿವಿಯಲ್ಲಿ ಕೇಳುವಾಗ ಮೋನೋ ಆಡಿಯೋ ಆನ್ ಮಾಡಿಕೊಳ್ಳಿ. ಸ್ಟೀರಿಯೋ ಹಾಡಿನಲ್ಲಿ ಕೆಲವು ವಾದ್ಯ ಎಡಕ್ಕೆ, ಕೆಲವು ಬಲಕ್ಕೆ ಇರುತ್ತವೆ. ಒಂದು ಬಡ್ ಮಾತ್ರ ಹಾಕಿಕೊಂಡರೆ ಅರ್ಧ ಹಾಡು ಹೋದಂತೆ. ಮೋನೋ ಹಾಕಿದರೆ ಎರಡೂ ಸೇರಿ ಒಂದೇ ಕಡೆ ಬರುತ್ತದೆ. ಆಂಡ್ರಾಯ್ಡಿನಲ್ಲಿ ಸೆಟ್ಟಿಂಗ್ಸ್, ಆಕ್ಸೆಸಿಬಿಲಿಟಿ, ಅದರೊಳಗೆ ಆಡಿಯೋ ಅಥವಾ ಹಿಯರಿಂಗ್ ಹೆಸರಿನ ಪುಟದಲ್ಲಿ ಸಿಗುತ್ತದೆ. ಐಫೋನಿನಲ್ಲೂ ಆಕ್ಸೆಸಿಬಿಲಿಟಿ ಒಳಗೆ ಆಡಿಯೋ ಪುಟದಲ್ಲೇ ಇದೆ.

ಕಳೆ ಕೊಚ್ಚುವ ಮಷಿನ್ ಹಿಡಿದವರು ಅದರ ಸದ್ದಿನ ಮೇಲೆ ಹಾಡು ಕೇಳಲು ಹೋಗಬೇಡಿ. ಮಷಿನಿನ ಸದ್ದೇ ಕಿವಿಗೆ ಜಾಸ್ತಿ, ಅದನ್ನು ಮೀರಿಸಲು ಹಾಡನ್ನೂ ಏರಿಸಿದರೆ ಎರಡು ಪೆಟ್ಟು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 80 ಡೆಸಿಬೆಲ್ ಸದ್ದನ್ನು ವಾರಕ್ಕೆ 40 ಗಂಟೆಯವರೆಗೆ ಕೇಳಬಹುದು, ಅದೇ 90 ಡೆಸಿಬೆಲ್ ಆದರೆ ವಾರಕ್ಕೆ 4 ಗಂಟೆ ಮಾತ್ರ. ಮಷಿನ್ ಓಡುವಾಗ ಕಿವಿಗೆ ಇಯರ್ ಮಫ್ ಹಾಕಿ. ಹಾಡು ಕೆಲಸ ನಿಲ್ಲಿಸಿದ ಮೇಲೆ. ಮಕ್ಕಳ ಫೋನಿಗೆ ಮೀಡಿಯಾ ವಾಲ್ಯೂಮ್ ಲಿಮಿಟ್ ಹಾಕಿಡಿ. ಐಫೋನಿನಲ್ಲಿ ಸೌಂಡ್ಸ್ ಆ್ಯಂಡ್ ಹ್ಯಾಪ್ಟಿಕ್ಸ್, ಹೆಡ್‌ಫೋನ್ ಸೇಫ್ಟಿ ಒಳಗೆ ರಿಡ್ಯೂಸ್ ಲೌಡ್ ಆಡಿಯೋ (ಹಳೆಯ ಐಓಎಸ್‌ನಲ್ಲಿ ರಿಡ್ಯೂಸ್ ಲೌಡ್ ಸೌಂಡ್ಸ್) ಇದೆ, 75ರಿಂದ 100 ಡೆಸಿಬೆಲ್ ನಡುವೆ ಎಷ್ಟು ಬೇಕೋ ಅಷ್ಟಕ್ಕೆ ನಿಲ್ಲಿಸಬಹುದು.

ಮನೆಯ ಹಿರಿಯರಿಗೆ

ಅಜ್ಜಿಗೆ, ತಾತನಿಗೆ ಫೋನ್ ಕೊಟ್ಟಾಗ "ಕೇಳಿಸ್ತಾ ಇಲ್ಲ" ಅಂದರೆ ನಾವು ವಾಲ್ಯೂಮ್ ಏರಿಸುತ್ತೇವೆ. ಅವರು "ಅಯ್ಯೋ ಜೋರಾಯ್ತು, ಆದ್ರೆ ಏನಂತಾರೋ ಗೊತ್ತಾಗ್ತಿಲ್ಲ" ಅನ್ನುತ್ತಾರೆ. ಎರಡೂ ನಿಜ. ವಯಸ್ಸಾದಂತೆ ಮೊದಲು ಕಮ್ಮಿಯಾಗುವುದು ಮೇಲಿನ ಸದ್ದು ಕೇಳುವ ಶಕ್ತಿ. ಡೋಲು ಕೇಳಿಸುತ್ತದೆ, ಅಕ್ಷರ ಕೇಳಿಸುವುದಿಲ್ಲ. ಅವರ ಫೋನಿನಲ್ಲಿ 60 ಮತ್ತು 230ನ್ನು ಇಳಿಸಿ 3600ನ್ನು ಸ್ವಲ್ಪ ಏರಿಸಿ ಕೊಡಿ. ಸ್ಯಾಮ್‌ಸಂಗ್‌ನಲ್ಲಿ ಅಡಾಪ್ಟ್ ಸೌಂಡ್ ಅಂತ ಇದೆ, ವಯಸ್ಸಿನ ಪ್ರಕಾರ ಆರಿಸಬಹುದು, ಇಲ್ಲವೇ ಹೆಡ್‌ಫೋನ್ ಹಾಕಿಸಿ ಚಿಕ್ಕ ಚಿಕ್ಕ ಬೀಪ್ ಕೇಳಿಸಿ ಅವರ ಕಿವಿಗೇ ಹೊಂದಿಸಬಹುದು. ಈ ಬೀಪ್ ಪರೀಕ್ಷೆ ಮಾಡುವಾಗ ಮಳೆ ನಿಂತಿರಲಿ, ಟಿವಿ ಆಫ್ ಇರಲಿ. ಐಫೋನಿನಲ್ಲಿ ಇದೇ ಕೆಲಸಕ್ಕೆ ಹೆಡ್‌ಫೋನ್ ಅಕಾಮಡೇಶನ್ಸ್ ಇದೆ, ಆದರೆ ಅದು ಎಲ್ಲ ಹೆಡ್‌ಫೋನಿಗೂ ಬರುವುದಿಲ್ಲ, ಆ್ಯಪಲ್ ಮತ್ತು ಬೀಟ್ಸ್‌ನ ಕೆಲವು ಮಾಡೆಲ್‌ಗಳಿಗೆ ಮಾತ್ರ.

ಒಂದು ಕಿವಿ ಮಂದವಾಗಿದ್ದರೆ ಮೋನೋ ಪಕ್ಕದಲ್ಲೇ ಬ್ಯಾಲೆನ್ಸ್ ಗೀಟು ಇದೆ, ಚೆನ್ನಾಗಿ ಕೇಳಿಸುವ ಕಡೆಗೆ ಎಳೆಯಿರಿ. ಒಂದು ಕಿವಿ ಇದ್ದಕ್ಕಿದ್ದಂತೆ ಕೇಳಿಸದೇ ಹೋದರೆ ಮಾತ್ರ ಸೆಟ್ಟಿಂಗ್ಸ್ ಹುಡುಕುತ್ತಾ ಕೂರಬೇಡಿ, ಅದೇ ದಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.

ಬ್ಲೂಟೂತ್ ಮತ್ತು ಘಾಟಿ ದಾರಿ

ಬ್ಲೂಟೂತ್ ಸ್ಪೀಕರಿನಲ್ಲಿ ಎರಡು ವಾಲ್ಯೂಮ್ ಇರಬಹುದು, ಫೋನಿನದ್ದೊಂದು, ಸ್ಪೀಕರಿನದ್ದೊಂದು. ಫೋನನ್ನು ಹತ್ತಿರ ಹತ್ತಿರ ಪೂರ್ತಿ ಇಟ್ಟು, ಹೆಚ್ಚು ಕಮ್ಮಿ ಮಾಡುವುದನ್ನು ಸ್ಪೀಕರಿನಲ್ಲಿ ಮಾಡಿ. ಎರಡೂ ಒಂದಕ್ಕೊಂದು ಅಂಟಿಕೊಂಡು, ಒಂದು ಹೆಜ್ಜೆಗೇ ತುಂಬ ಜೋರಾಗುತ್ತಿದ್ದರೆ ಆಂಡ್ರಾಯ್ಡಿನಲ್ಲಿ ಒಂದು ದಾರಿಯಿದೆ. ಅಬೌಟ್ ಫೋನ್ ಒಳಗೆ ಬಿಲ್ಡ್ ನಂಬರನ್ನು ಏಳು ಸಲ ಒತ್ತಿ, ಡೆವಲಪರ್ ಆಪ್ಷನ್ಸ್ ತೆರೆದುಕೊಳ್ಳುತ್ತದೆ. ಅಲ್ಲಿ ಡಿಸೇಬಲ್ ಆ್ಯಬ್ಸಲ್ಯೂಟ್ ವಾಲ್ಯೂಮ್ ಆನ್ ಮಾಡಿ, ಬ್ಲೂಟೂತ್ ಒಮ್ಮೆ ಆಫ್ ಮಾಡಿ ಮತ್ತೆ ಸೇರಿಸಿ. ಆ ಪುಟದಲ್ಲಿರುವ ಬೇರೆ ಯಾವುದನ್ನೂ ಮುಟ್ಟಬೇಡಿ. ವಿಡಿಯೋ ನೋಡುವಾಗ ತುಟಿ ಮೊದಲು, ಮಾತು ಆಮೇಲೆ ಬರುತ್ತಿದ್ದರೆ ವಿಎಲ್‌ಸಿಯಲ್ಲಿ ಆಡಿಯೋ ಡಿಲೇ ಸರಿಮಾಡಬಹುದು.

ಕಾರಿನಲ್ಲಿ ಲೆಕ್ಕ ಬೇರೆ. ರಸ್ತೆಯ, ಎಂಜಿನ್ನಿನ ಸದ್ದು ಜಾಸ್ತಿ ಇರುವುದು ಕೆಳಗಿನ ಭಾಗದಲ್ಲಿ, ಅದು ಹಾಡಿನ ಬಾಸನ್ನು ನುಂಗುತ್ತದೆ. ಹಾಗಾಗಿ ಇಲ್ಲಿ 60ನ್ನು ಎರಡು ಡೆಸಿಬೆಲ್ ಏರಿಸಿದರೆ ತಪ್ಪಿಲ್ಲ. ಸಂಪಾಜೆ ಘಾಟಿ, ಮಾಕುಟ್ಟ ದಾರಿಯಲ್ಲಿ ತಿರುವಿನಲ್ಲಿ ಹಾಡು ಬದಲಾಯಿಸುವ ಕೆಲಸ ಬೇಡವೇ ಬೇಡ. ಮಡಿಕೇರಿ ಬಿಡುವ ಮೊದಲೇ ದಾರಿಗೆ ಸಾಕಾಗುವ ಪ್ಲೇಲಿಸ್ಟ್ ಹಾಕಿಬಿಡಿ, ಅದೂ ಡೌನ್‌ಲೋಡ್ ಮಾಡಿದ್ದು. ಗೂಗಲ್ ಮ್ಯಾಪ್ಸ್ ದನಿ ಹಾಡಿನ ನಡುವೆ ಕೇಳಿಸದಿದ್ದರೆ ಅದರ ನ್ಯಾವಿಗೇಶನ್ ಸೆಟ್ಟಿಂಗ್ಸಿನಲ್ಲಿ ಗೈಡೆನ್ಸ್ ವಾಲ್ಯೂಮನ್ನು ಲೌಡರ್ ಮಾಡಿ. ಮಂಜು ಮುಸುಕಿದಾಗ, ಹಿಂದೆ ಮುಂದೆ ಹಾರನ್ ಕೇಳಿಸಬೇಕಾದಾಗ ಹಾಡು ಆಫ್.

ನೆಟ್ಟೂ ಇಲ್ಲ, ಹಾಡೂ ಮುಗಿಯಿತು ಅಂದರೆ

ಮಡಿಕೇರಿ ಆಕಾಶವಾಣಿ ಎಫ್ಎಂ 103.1ರಲ್ಲಿ ಇದೆ. ಎಫ್ಎಂ ಇರುವ ಫೋನಾದರೆ ಡೇಟಾ ಬೇಡ. ಆದರೆ ವೈರ್ ಇರುವ ಇಯರ್‌ಫೋನ್ ಬೇಕು, ಆ ವೈರೇ ಆಂಟೆನಾ. ವೈರ್ ಸಿಕ್ಕಿಸಿದ ಮೇಲೆ ಆ್ಯಪಿನಲ್ಲಿ ಸ್ಪೀಕರ್ ಗುರುತು ಒತ್ತಿದರೆ ಮನೆಯವರಿಗೆಲ್ಲ ಕೇಳಿಸುತ್ತದೆ. ಎಫ್ಎಂ ಅಲೆಗಳಿಗೆ ಬೆಟ್ಟ ಅಡ್ಡ ಬರುತ್ತದೆ, ಹಾಗಾಗಿ ಮಡಿಕೇರಿ ಕಡೆಯ ಕಿಟಕಿಯ ಹತ್ತಿರ ವೈರನ್ನು ಉದ್ದಕ್ಕೆ ಬಿಟ್ಟು ನೋಡಿ. ಈಗಿನ ಎಷ್ಟೋ ಫೋನುಗಳಲ್ಲಿ ಎಫ್ಎಂ ತೆಗೆದುಬಿಟ್ಟಿದ್ದಾರೆ, ಇದು ನನಗೆ ನಿಜವಾಗಿ ಬೇಸರದ ವಿಷಯ. ರಸ್ತೆ ಕುಸಿದು, ಟವರ್ ಹೋದ ದಿನಗಳಲ್ಲಿ ಸುದ್ದಿ ತರುವುದು ಅದೊಂದೇ ಆಗಿರಬಹುದು. ನಿಮ್ಮ ಫೋನಿನಲ್ಲಿ ಇಲ್ಲದಿದ್ದರೆ ಸೆಲ್ ಹಾಕುವ ಚಿಕ್ಕ ರೇಡಿಯೋ ಒಂದು ಮನೆಯಲ್ಲಿರಲಿ.

ರಾತ್ರಿ ಹಾಡು ಕೇಳುತ್ತಾ ಮಲಗುವವರು ಸ್ಲೀಪ್ ಟೈಮರ್ ಹಾಕಿ, ಬೆಳಗಾಗುವಷ್ಟರಲ್ಲಿ ಬ್ಯಾಟರಿ ಖಾಲಿಯಾಗಿರುವುದು ತಪ್ಪುತ್ತದೆ. ವಿಎಲ್‌ಸಿ, ಸ್ಪಾಟಿಫೈ ಎರಡರಲ್ಲೂ ಇದೆ. ಐಫೋನಿನಲ್ಲಿ ಗಡಿಯಾರದ ಆ್ಯಪಿನ ಟೈಮರಿನಲ್ಲಿ, ಮುಗಿದಾಗ ಬಾರಿಸುವ ಸದ್ದಿನ ಪಟ್ಟಿಯ ಕೊನೆಗೆ ಸ್ಟಾಪ್ ಪ್ಲೇಯಿಂಗ್ ಅಂತ ಇದೆ.

ತೇವ

ಮೇಲಿನದ್ದೆಲ್ಲ ಮಾಡಿದರೂ ಒಂದು ಕಡೆ ಸದ್ದು ಕಮ್ಮಿಯಿದ್ದರೆ ಮೊದಲು ಬ್ಯಾಲೆನ್ಸ್ ಗೀಟು ನಡುವಿನಲ್ಲೇ ಇದೆಯಾ ನೋಡಿ. ಸರಿಯಿದ್ದರೆ ಬಡ್ ಸ್ವಚ್ಛ ಮಾಡಿ. ಕಿವಿಯ ಕೊಳೆ ಮತ್ತು ಮಳೆಗಾಲದ ತೇವ ಸೇರಿ ಜಾಲರಿ ಮುಚ್ಚಿಹೋಗುವುದೇ ಹೆಚ್ಚಿನ ಸಲ ಕಾರಣ. ರಬ್ಬರ್ ತುದಿ ಬಿಚ್ಚಿ ಬೇರೆ ತೊಳೆದು ಪೂರ್ತಿ ಒಣಗಿಸಿ. ಜಾಲರಿಯನ್ನು ಕೆಳಮುಖ ಮಾಡಿ ಹಿಡಿದು ಒಣ ಮೆತ್ತನೆ ಬ್ರಷ್‌ನಿಂದ ಉಜ್ಜಿ, ಪಿನ್ನು ಸೂಜಿ ಹಾಕಬೇಡಿ. ಫೋನಿನ ಸ್ಪೀಕರ್ ತೂತಿಗೂ ಇದೇ ಬ್ರಷ್ ಸಾಕು. ಬೆವರು, ಮಳೆ ತಾಗಿದ ಬಡ್‌ಗಳನ್ನು ಒರೆಸದೆ ಕೇಸಿನೊಳಗೆ ಹಾಕಿ ಚಾರ್ಜಿಗೆ ಇಡಬೇಡಿ, ಒಳಗಿನ ಪಿನ್ ಹಸಿರುಗಟ್ಟುತ್ತದೆ.

ಬಟ್ಟೆ ಒಣಗಿಸಲು ಹಾಕಿದ ಬೆಂಕಿಯ ಹತ್ತಿರ, ಒಲೆಯ ಮೇಲೆ ಇಡುವುದೂ ಬೇಡ, ಬಿಸಿಗೆ ಬ್ಯಾಟರಿ ಹಾಳಾಗುತ್ತದೆ. ಅಕ್ಕಿ ಡಬ್ಬಿಯಲ್ಲಿ ಹೂತಿಡಬೇಡಿ, ಅಕ್ಕಿಯ ಪುಡಿ ಜಾಲರಿಯೊಳಗೆ ಸೇರುತ್ತದೆ. ಹೊಸ ಚಪ್ಪಲಿ, ಬ್ಯಾಗಿನ ಡಬ್ಬಿಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಎಸೆಯದೆ ಇಟ್ಟುಕೊಳ್ಳಿ. ಬಿಗಿ ಮುಚ್ಚಳದ ಒಂದು ಡಬ್ಬಿಗೆ ಅವನ್ನು ಹಾಕಿ, ಒರೆಸಿದ ಬಡ್‌ಗಳನ್ನು ರಾತ್ರಿ ಅದರೊಳಗೆ ಇಡಿ. ಮಕ್ಕಳ ಕೈಗೆ ಆ ಡಬ್ಬಿ ಸಿಗದಂತೆ ಮೇಲಿನ ಶೆಲ್ಫಿನಲ್ಲಿರಲಿ.